ಮೊಬೈಲ್ ಅಂಗಡಿಯ ಕಾವಲುಗಾರ

ಭಾಲ್ಕಿ ಬಸ್ ನಿಲ್ದಾಣದೆದುರು ಮೊಬೈಲ್ ರಿಪೇರಿ ಮಾಡುವ ಕಾಶೀರಾಮನು ಸುತ್ತಲ ಹೆಣ್ಣುಮಕ್ಕಳ ಮಾನಕ್ಕೆಲ್ಲ ತಾನೇ ಕಾವಲೆಂದು ನಂಬಿದವನು. ಅಪ್ಪಂದಿರು ಗುಟ್ಟಾಗಿ ತಂದುಕೊಟ್ಟ ಮಗಳ ಫೋನನ್ನು ಅಂಗಿಯ ಚುಂಗಿನಿಂದ ಭಕ್ತಿಪೂರ್ವಕ ಒರೆಸಿ, ಹವಾಮಾನದ ಮುಖವಾಡ ಹೊತ್ತ ಆ್ಯಪೊಂದನ್ನು ಅದರೊಳಗೆ ಕೂರಿಸುತ್ತಾನೆ. ಅಂದಿನಿಂದ ಅವಳಿಗೆ ಬರುವ ಮೆಸೇಜೆಲ್ಲ ಸದ್ದಿಲ್ಲದೆ ಅಪ್ಪನ ಫೋನು ಸೇರುತ್ತದೆ, ಅವಳ ಫೋನಿನಲ್ಲಿ ಆ ಮೆಸೇಜಿನ ಗುರುತೂ ಉಳಿಯುವುದಿಲ್ಲ. “ಆಕಿಗಿ ಗೊತ್ತೇ ಆಗಂಗಿಲ್ರಿ,” ಎಂಬುದು ಅವನ ಹೆಮ್ಮೆ. ನರ್ಸ್ ಕೆಲಸದ ಸಂದರ್ಶನದ ಕರೆಗಾಗಿ ಕಾದು ಸೋತ ಔರಾದಿನ ಆರತಿ ಅವನಲ್ಲಿಗೇ ಬಂದು, “ಕಾಕಾ, ಎಲ್ಲಾರಿಗಿ ಮೆಸೇಜ್ ಬಂದಾವ, ನನಗ್ಯಾಕ ಬರವಲ್ದು?” ಎಂದಳು. “ನೆಟ್‌ವರ್ಕ್ ಇಲ್ಲವ್ವಾ,” ಎಂದ, ಅವಳಪ್ಪನ ಮಾತಿಗೆ ಅವಳ ಫೋನಿನಲ್ಲಿ ತಾನೇ ಕೂರಿಸಿದ ಆ್ಯಪನ್ನು ನಾಚಿಕೆಯಿಲ್ಲದೆ ನೋಡುತ್ತ. “ಹಂಗಾದ್ರ ಬೀದರ ದವಾಖಾನಿಯವರಿಗಿ ನಿಮ್ಮ ನಂಬರ್ ಕೊಡ್ತೇನಿ. ನಿಮ್ಮ ಫೋನಿನಾಗ ಓದ್ಕೋತೇನ್ರಿ.” ಅವನು ತನ್ನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. “ಅದ್ರಾಗ ನನ್ನ ಮೆಸೇಜ್ ಇರ್ತಾವವ್ವಾ. ಮಂದಿ ಕೈಗಿ ಹ್ಯಾಂಗ ಕೊಡ್ಲಿ?”