ಸಿಡಿಯಬಾರದ್ದನ್ನು ಕಾಯ್ದವರು

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ತುದಿ ಹೊಳಪೇರಿತ್ತು. ರಬ್ಬರಿನದು ಏನೇ ಸಿಕ್ಕರೂ ಒತ್ತಿ ನೋಡುವ ಅಭ್ಯಾಸ ಅವರಿಗೆ. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ನೇರ ಅಡುಗೆಮನೆಗೆ ನಡೆದು, ಕುಕ್ಕರಿನ ಗ್ಯಾಸ್ಕೆಟ್ಟನ್ನು ಬಾಗಿಸಿ, ಮೂಸಿ, "ಇದಕ್ಕ ವಯಸ್ಸಾಗೈತವಾ, ಬದಲಿ ಮಾಡು" ಎಂದರು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮಿ, ನೀನು ಹೇಳಿದ ದೊಡ್ಡ ವಿಜ್ಞಾನಿ ಇವರೇನಾ ಎಂಬಂತೆ ನನ್ನತ್ತ ನೋಡಿದರು.

ಕೊಲ್ಲಿಯ ಪೂರ್ವಕ್ಕೆ, ಗುಡ್ಡಗಳಾಚೆಯ ಪ್ರಯೋಗಾಲಯದಲ್ಲಿ ಅವರು ನನ್ನ ಮೊದಲ ಬಾಸು. ನಾವಿಬ್ಬರೂ ವಲಸೆ ಬಂದ ಈ ದೇಶದ ಅಣ್ವಸ್ತ್ರಗಳು ಬಹಳ ಹಳೆಯವು. ಸಿಡಿಸಿ ಪರೀಕ್ಷಿಸುವುದನ್ನು ನಿಲ್ಲಿಸಿ ದಶಕಗಳಾಗಿವೆ. ಒಳಗಿನ ಅಂಟು, ರಬ್ಬರುಗಳಿಗೆ ಹೇಗೆ ಮುಪ್ಪು ಬರುತ್ತಿದೆ ಎಂದು ನೋಡುತ್ತಿರುವುದು ನಮ್ಮ ಗುಂಪಿನ ಕೆಲಸ. ಅವರು ಹುಬ್ಬಳ್ಳಿಯವರು. "ಆಫೀಸಿನ್ಯಾಗ ಎಲ್ಲಾರಂಗ ಹೆಸರು ಹಿಡದು ಕರಿ, ಹೊರಗ ಕಾಕಾ ಅನ್ನು" ಎಂದಿದ್ದರು. ಹೆಸರು ನನ್ನ ಬಾಯಿಗೆ ಒಮ್ಮೆಯೂ ಬರಲಿಲ್ಲ.

"ಬಾಂಬಿನ ಕೆಲಸ ಯಾಕಮ್ಮ ಬೇಕಿತ್ತು?" ಎಂದು ಅಮ್ಮಿ ಕೇಳಿದ್ದು ನನ್ನನ್ನು ಕೊರೆಯುತ್ತಿತ್ತು. ಒಂದು ಸಂಜೆ ಅವರ ಕಾರಿನಲ್ಲಿ ಬರುವಾಗ ಕೇಳಿಯೇಬಿಟ್ಟೆ, "ಕಾಕಾ, ನಾವು ಮಾಡ್ತಿರೋದು ಸರೀನಾ?"

ಅವರು ಕಾರನ್ನು ಫ್ರೀವೇಯಿಂದ ಪಕ್ಕದ ರಸ್ತೆಗೆ ಇಳಿಸಿದರು. ಆಮೇಲೆ ಹೇಳಿದರು: "ಅವು ಇರಬಾರದಿತ್ತು. ಆದ್ರ ಅದಾವಲ್ಲ. ಇರೂತನಕ ತಾವಾಗಿ ಸಿಡೀಬಾರದು. ಒಂದು ಸಿಡಿಸಿ ನೋಡೂಣು ಅಂತ ಯಾರಿಗೂ ಅನ್ನಸಬಾರದು. ಅಷ್ಟಕ್ಕ ನಾ ಇಲ್ಲಿ ಅದೀನಿ."

ಆ ಮಾತು ಮುಂದೆ ಅವರ ಎದುರಿಗೇ ಬಂದು ನಿಂತಿತು. ಹಳೆಯ ಅಸ್ತ್ರವೊಂದರ ಸಂದುಗಳನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ಸೀಲುಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಗಡಸಾಗಿದ್ದವು. ರಾಜಧಾನಿಯಿಂದ ಬಂದಿದ್ದ ಅಧಿಕಾರಿಯೊಬ್ಬರು ಸಭೆಯಲ್ಲಿ, "ಅನುಮಾನವಿದ್ದರೆ ನೆಲದಡಿ ಒಂದನ್ನು ಸಿಡಿಸಿ ನೋಡಿದರಾಯಿತು" ಎಂದರು. ನಮ್ಮ ಮ್ಯಾನೇಜರು ಕಾಕಾ ಕಡೆ ಬಾಗಿ ಪಿಸುಗುಟ್ಟಿದರು: "ತೊಂದರೆಯಿಲ್ಲ ಎಂದುಬಿಡಿ. ಆ ಮಾತು ಇಲ್ಲಿಗೇ ಮುಗಿಯುತ್ತದೆ."

ಸುಳ್ಳು ಸುಲಭವಿತ್ತು, ಯಾರೂ ಸಿಡಿಸಬಾರದೆಂಬ ಕಾಕಾ ಆಸೆಗೂ ಒದಗುತ್ತಿತ್ತು. ಪಕ್ಕದಲ್ಲೇ ಕೂತಿದ್ದ ನನಗೂ ಆ ಪಿಸುಮಾತು ಕೇಳಿತ್ತು. ಕಾಕಾ ಎದ್ದು ನಿಂತು, "ಇವು ಯಾಕೆ ಗಡಸಾದವೋ ನನಗೆ ಗೊತ್ತಿಲ್ಲ" ಎಂದರು. "ಸಿಡಿಸಿದರೂ ಅದು ಗೊತ್ತಾಗುವುದಿಲ್ಲ. ಸಮಯ ಕೊಡಿ, ಕಂಡುಹಿಡಿಯುತ್ತೇವೆ."

ಸಮಯ ಸಿಕ್ಕಿತು. ರಬ್ಬರಿನ ತುಣುಕುಗಳನ್ನು ಒಲೆಯಲ್ಲಿ ಕಾಯಿಸಿ ಬೇಗ ಮುಪ್ಪಾಗಿಸುತ್ತ ಆ ಚಳಿಗಾಲವನ್ನೂ ಬೇಸಿಗೆಯನ್ನೂ ಕಳೆದೆವು. ಎರಡು ಸಲ ದಾರಿ ತಪ್ಪಿದೆವು. ಕೊನೆಗೆ, ಯಾವುದೋ ಒಂದು ಕಂತಿನಲ್ಲಿ ತಯಾರಾದ ಸೀಲುಗಳಲ್ಲಿ ಮಾತ್ರ ರಬ್ಬರಿನ ಮಿಶ್ರಣ ಬೇರೆಯಾಗಿತ್ತೆಂದು ತಿಳಿಯಿತು. ಅವಷ್ಟನ್ನೇ ಬದಲಿಸಿದರು. ಸಿಡಿಸಿ ನೋಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕಾರಣ ಸಿಕ್ಕ ಮರುದಿನ ಕಾಕಾ ಗುಂಪಿಗೆಲ್ಲ ತಮ್ಮೂರಿನ ಮಂಡಕ್ಕಿ ಗಿರ್ಮಿಟ್ ಮಾಡಿ ತಂದರು. ಹಸಿಮೆಣಸಿಗೆ ಕೆಮ್ಮುತ್ತಲೇ ಎಲ್ಲರೂ ಇನ್ನಷ್ಟು ಹಾಕಿಸಿಕೊಂಡರು.

ನಿವೃತ್ತರಾದ ಮೇಲೆ ಅವರ ಹೃದಯ ಸೋಲತೊಡಗಿತು. ಮಿಲ್ಪಿಟಾಸ್ ಊರಿನ ಅವರ ಮನೆಯಲ್ಲಿ ಕೊನೆಯ ಸಲ ಕಂಡಾಗ, ಗುಂಪಿನ ಹೊಣೆ ನನಗೆ ಬಂದಿದೆ ಎಂದೆ. ಖುಷಿಪಟ್ಟರು. "ಎಷ್ಟು ವರ್ಷ ಹಿಂಗೇ ಆ ಬಾಂಬುಗಳನ್ನ ಕಾಯೋದು ಕಾಕಾ?" ಎಂದು ಕೇಳಿದೆ.

"ಎಲ್ಲಾ ಬಿಚ್ಚಿ ಹಾಕೂ ದಿನ ನಿನ್ನ ಕಾಲಕ್ಕ ಬರಬಹುದವಾ," ಎಂದರು ನಿಧಾನವಾಗಿ. "ಅವತ್ತೂ ಒಳಗ ಏನೈತಿ ಅಂತ ಬಲ್ಲವರು ಬೇಕು. ಕೈ ನಡುಗದಂಗ ಬಿಚ್ಚಬೇಕಲ್ಲ."

ಆ ವಸಂತದಲ್ಲೇ ಅವರು ತೀರಿಕೊಂಡರು. ನಾನು ಆ ಕೆಲಸದಲ್ಲೇ ಇದ್ದೇನೆ, ಆ ದಿನಕ್ಕಾಗಿ ಕಲಿಯುತ್ತ.