ಟೈರಿನ ವಯಸ್ಸು

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಸಣ್ಣ ಕಾರಿನ ನಾಲ್ಕೂ ಟೈರು ಸವೆದು ನುಣ್ಣಗಾಗಿದ್ದವು. ದಿನಾ ಅಂಕೋಲೆಯಿಂದ ಕಾರವಾರದ ಶಾಲೆಗೆ ಹೋಗಿ ಬರುವವಳು ನಾನು. ಭಾನುವಾರ ಸದಾಶಿವಗಡದ ಟೈರಿನ ಅಂಗಡಿಗೆ ಹೊರಟಾಗ ಮಾವ ಕೋಲು ಊರುತ್ತ ಅಂಗಳಕ್ಕೆ ಬಂದರು.

"ನಾನೂ ಬರ್ತೆ ತಂಗಿ."

ಮಾವ ಅಂದರೆ ಅಮ್ಮನ ಅಣ್ಣ. ಅಂಕೋಲೆಯ ಬಸ್‌ಸ್ಟ್ಯಾಂಡಿನ ಎದುರು ಮೂವತ್ತು ವರ್ಷ ಟ್ಯಾಕ್ಸಿ ಇಟ್ಟುಕೊಂಡಿದ್ದವರು. ಈಗ ಎರಡೂ ಕಣ್ಣು ಕಾಣುವುದಿಲ್ಲ. ಟೈರು ಆರಿಸಲು ಇವರೇನು ಮಾಡಿಯಾರು ಎಂದುಕೊಂಡರೂ, ಹೊರಗೆ ಹೋಗಿ ಬಹಳ ದಿನವಾಯಿತಲ್ಲ ಎಂದು ಕೂರಿಸಿಕೊಂಡೆ.

ಅಂಗಡಿಯವರು ಅಗಲವಾದ, ಚೆಂದದ ಟೈರು ತೋರಿಸಿದರು. ನನಗೆ ನೋಡಿದ ಕೂಡಲೇ ಹಿಡಿಸಿತು.

"ಬ್ಯಾಡ," ಅಂದರು ಮಾವ, ಕೈಯಿಂದ ಅದರ ಅಗಲ ಅಳೆದು. "ಡ್ರೈವರ್ ಬಾಗಿಲಿನ ಒಳಗೆ ಅಳತೆ ಬರ್ದಿರ್ತದೆ. ಅದೇ ಹಾಕು. ಮಳೆನೀರು ನಿಂತ ರಸ್ತೆಯಲ್ಲಿ ಅಗಲದ್ದು ತೇಲ್ತದೆ."

ಸರಿಯಾದ ಅಳತೆಯ ನಾಲ್ಕು ಬಂದವು. ಮಾವ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಮೊಣಕಾಲಿಗೆ ಆನಿಸಿಕೊಂಡು, ಬದಿಯ ಉಬ್ಬಕ್ಷರಗಳ ಮೇಲೆ ಬೆರಳಾಡಿಸಿದರು. ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವಂತೆ. ಮೊದಲಿನ ಎರಡಂಕಿ ಟೈರು ತಯಾರಾದ ವಾರದ್ದು, ಆಮೇಲಿನ ಎರಡು ವರ್ಷದ್ದು. ಮೂರನೆಯ ಟೈರಿಗೆ ಬೆರಳು ನಿಂತಿತು.

"ಇದು ಹಳೇದು. ನಾಲ್ಕು ವರ್ಷ ಆಯ್ತು ಹುಟ್ಟಿ."

ಅಂಗಡಿಯವರು ಮೊಬೈಲಿನ ಬೆಳಕು ಬಿಟ್ಟು ನೋಡಿದರು. "ಹೌದು ಕಾಕಾ! ಯಾವಾಗಿನದೋ ಹಿಂದೆ ಉಳಿದುಬಿಟ್ಟಿತ್ತು. ಆದ್ರೆ ಒಂದು ದಿನವೂ ಓಡಿದ್ದಲ್ಲ, ಹೊಸದೇ."

"ಆವತ್ತಿನದೂ ಹೊಸದೇ ಆಗಿತ್ತು," ಅಂದರು ಮಾವ.

ಆವತ್ತು ಯಾವುದೆಂದು ನನಗೆ ತಕ್ಷಣ ತಿಳಿಯಿತು. ಆಗ ನಮ್ಮ ಮನೆ ಯಲ್ಲಾಪುರದ ದಾರಿಯ ರಾಮನಗುಳಿಯಲ್ಲಿ. ಕಾರವಾರದಲ್ಲಿ ನನಗೆ ಟೀಚರ್ ಕೆಲಸದ ಸಂದರ್ಶನ. ಜಡಿಮಳೆಯಲ್ಲಿ ಮಾವ ಟ್ಯಾಕ್ಸಿ ತಂದಿದ್ದರು. ಮೂರು ಮೈಲಿ ಬರುವಷ್ಟರಲ್ಲಿ ಒಂದು ತಿರುವಿನಲ್ಲಿ ಗಾಡಿ ಜಾರಿ, ಗಿರ್ರನೆ ತಿರುಗಿ, ಚರಂಡಿಗೆ ಹಿಂಬದಿ ಹಾಕಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಯಲ್ಲಾಪುರಕ್ಕೆ ಮೀನು ಹಾಕಿ ಖಾಲಿ ಬರುತ್ತಿದ್ದ ಟೆಂಪೋಕ್ಕೆ ಕೈ ಮಾಡಿ ಮಾವ ನನ್ನನ್ನು ಹತ್ತಿಸಿದರು. ಬಂಗಡೆಯ ವಾಸನೆ ಹೊತ್ತೇ ಸಂದರ್ಶನದ ಕೋಣೆಗೆ ಹೋದೆ. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದೇ ಪ್ರಶ್ನೆ ಕೇಳಿದರು. ಕೆಲಸ ಸಿಕ್ಕಿತು. ಇಷ್ಟು ವರ್ಷ ಮನೆಗೆ ಬಂದವರಿಗೆಲ್ಲ ಈ ಕತೆ ಹೇಳಿ ನಗಿಸಿದ್ದೇನೆ. ಮಾವ ಒಮ್ಮೆಯೂ ನಕ್ಕಿದ್ದು ನೆನಪಿಲ್ಲ.

"ಮುಂದಿನ ಚಕ್ರದ ಟೈರಿನ ಮೇಲಿನ ಗೀರು ಎಲ್ಲ ಹೊಸತರ ಹಾಗೇ ಇತ್ತು," ಮಾವ ಹೇಳಿದರು. "ಒಳಗೆ ರಬ್ಬರು ಗಟ್ಟಿಯಾಗಿ ಕಟ್ಟಿಗೆ ಆಗಿತ್ತು. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದದ್ದು, ನಾನು ಕೇಳದೇ ತಂದೆ. ಗಾಡಿ ತಿರುಗಿತಲ್ಲ, ಆಗ ನೀನು ಕೂತ ಬದಿ ಹೊಳೆಯ ಕಡೆ ಇತ್ತು. ನಿನ್ನ ಅಮ್ಮನಿಗೆ ಎಂತ ಹೇಳ್ಲಿ ಅಂತಲೇ ನಂಗೆ ತಲೆಯಲ್ಲಿ."

ಚರಂಡಿಯ ಬದಿಯಷ್ಟೇ ನನಗೆ ನೆನಪಿತ್ತು. ಆಚೆ ಗಂಗಾವಳಿ ಹೊಳೆ ತುಂಬಿ ಹರಿಯುತ್ತಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಅವರೆದುರೇ ಆ ಕತೆಗೆ ನಗುತ್ತಿದ್ದೆನಲ್ಲ ಎಂದು ಸಂಕೋಚವಾಯಿತು.

"ಮಾವಾ, ನಂಗೆ ಒಂದು ಗೀರೂ ಬೀಳಲಿಲ್ಲ," ಅಂದೆ.

"ಗೊತ್ತುಂಟು. ಆದ್ರೂ."

ಅಂಗಡಿಯವರು ಒಳಗೆ ಹೋಗಿ ಇನ್ನೊಂದು ಟೈರು ತಂದು ಮಾವನ ಕೈಗೇ ಕೊಟ್ಟರು. ಬೆರಳಾಡಿಸಿ, ಉಗುರಿನಿಂದ ಒತ್ತಿ, "ಇದು ಹಾಕು," ಅಂದರು ಮಾವ.

ಹೊಸ ಟೈರು ಹಾಕಿಸಿ ಮರಳುತ್ತ ಬಿಣಗಾ ದಾಟುವಾಗ ಮಳೆ ಹಿಡಿಯಿತು. "ಹಿಂದೆ ಯಾರಾದ್ರೂ ಇದ್ದಾರೇನೇ?" ಕೇಳಿದರು ಮಾವ. ಯಾರೂ ಇರಲಿಲ್ಲ. "ಬ್ರೇಕ್ ಒತ್ತಿ ನೋಡು." ಒತ್ತಿದೆ. ಕಾರು ಅತ್ತಿತ್ತ ಅಲುಗದೆ ನೆಟ್ಟಗೆ ನಿಂತಿತು. ಮಾವ ತಲೆಯಾಡಿಸಿ ಸೀಟಿಗೆ ಒರಗಿದರು.

ಅವರ್ಸಾದಲ್ಲಿ ಚಾ ಕುಡಿಯೋಣವಾ ಎಂದು ಕೇಳಲು ತಿರುಗಿದರೆ ಗೊರಕೆ ಹೊಡೆಯುತ್ತಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಮಾವ ನಿದ್ದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಎಬ್ಬಿಸಲಿಲ್ಲ, ನಿಧಾನಕ್ಕೆ ಮನೆಯ ಕಡೆ ಓಡಿಸಿದೆ.