ಗರಿ-ನಾರಿನ ವೇಷ

ಈ ಸಂಗತಿ ಹೇಳಿದಾಗಲೆಲ್ಲ ಕೇಳುವವರ ಮೊದಲ ಪ್ರಶ್ನೆ ಒಂದೇ. ಅವತ್ತು ಏನಾದರೂ ಹಾಕಿಕೊಂಡಿದ್ರಾ? ಕುವೈತಿನಲ್ಲಿ ಹೆಂಡ ಸಿಗುವುದಿಲ್ಲ ಸ್ವಾಮಿ. ನನಗೆ ಜ್ವರವೂ ಇರಲಿಲ್ಲ. ಕಟ್ಟಡಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನು ನಾನು. ಕಲ್ಪಿಸಿಕೊಂಡು ಹೇಳುವ ಶಕ್ತಿ ದೇವರು ಕೊಟ್ಟಿಲ್ಲ. ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ...

ಎರಡು ವರ್ಷದ ಹಿಂದಿನ ಅಕ್ಟೋಬರ್ ಕೊನೆ. ಸಾಲ್ಮಿಯಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಹೆಂಡತಿ ಶೋಭಾ ನರ್ಸ್, ಆ ವಾರ ಪೂರ್ತಿ ಅವಳಿಗೆ ನೈಟ್ ಡ್ಯೂಟಿ. ಮಗಳು ಧೃತಿಗೆ ಆಗ ಎಂಟು ವರ್ಷ. ಮೈಸೂರು-ಚಾಮರಾಜನಗರ ಕಡೆಯ ಏಳೆಂಟು ಸಂಸಾರ ಸೇರಿ, ಇಲ್ಲಿ ಬಹಿರಂಗವಾಗಿ ಮಾಡುವಂತಿಲ್ಲವೆಂದು ಒಬ್ಬರ ಮನೆಯಲ್ಲಿ ಪರದೆ ಎಳೆದುಕೊಂಡು, ಮಕ್ಕಳಿಗಾಗಿ ಹ್ಯಾಲೋವೀನ್ ಪಾರ್ಟಿ ಇಟ್ಟುಕೊಂಡಿದ್ದೆವು. ವೇಷ ಅಂಗಡಿಯದಾಗಬಾರದು, ಮನೆಯಲ್ಲೇ ಮಾಡಿದ್ದಿರಬೇಕು, ಯಾವುದಾದರೂ ಹಳೇ ಕಥೆಯ ಭೂತವೋ ಪಿಶಾಚಿಯೋ ಆಗಿರಬೇಕು ಎಂದು ಮಾತಾಗಿತ್ತು.

ಮೋಹಿನಿ ಮಾಡೋಣ ಎಂದೆ. ಧೃತಿ ಒಪ್ಪಲಿಲ್ಲ. ಸ್ಕೂಲ್ ಬಸ್ಸಿನ ಆಂಟಿ ಅವಳಿಗೆ ಇಲ್ಲಿನದೇ ಒಂದು ಕಥೆ ಹೇಳಿದ್ದರಂತೆ. ಉಮ್ಮ್ ಸಾಫ್ ವ ಲೀಫ್... ಅಂದರೆ ಗರಿ ಮತ್ತು ನಾರಿನ ತಾಯಿ. ಮೈಯೆಲ್ಲ ಖರ್ಜೂರದ ಗರಿ, ತಲೆಯೆಲ್ಲ ಖರ್ಜೂರದ ನಾರು. ಹೊತ್ತಿಗೆ ಸರಿಯಾಗಿ ಮಲಗದ ಮಕ್ಕಳನ್ನು ಹುಡುಕಿಕೊಂಡು ಬರುವ ಮುದುಕಿ. ಅದೇ ಬೇಕು ಎಂದು ಹಟ ಹಿಡಿದಳು.

ಗರಿ ತಂದುಕೊಟ್ಟವನು ನಮ್ಮ ಕಟ್ಟಡದ ಹಾರಿಸ್ ರಜಬ್. ಇಲ್ಲಿ ಕಾವಲುಗಾರನನ್ನು ಹಾರಿಸ್ ಎನ್ನುತ್ತಾರೆ. ಈಜಿಪ್ಟಿನ ಹಳ್ಳಿಯವನು, ಐವತ್ತು ದಾಟಿದ್ದ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನ ವಾಸ. ರಸ್ತೆ ಬದಿಯ ಖರ್ಜೂರದ ಮರಗಳನ್ನು ಸವರಿದ್ದರು. ಎರಡು ಮೂಟೆ ಹೊತ್ತು ತಂದು ಬಾಗಿಲಿಗೆ ಇಟ್ಟ. ಯಾತಕ್ಕೆ ಎಂದು ಕೇಳಿದ. ಹೇಳಿದೆ. ನಗುತ್ತಿದ್ದವನು ಮೂಟೆಯ ಮೇಲೆ ಕೈ ಇಟ್ಟ.

"ಶಕಲ್ ಮತ್ ಲಗಾವ್, ಭಾಯಿ," ಎಂದ, ಇಲ್ಲಿ ಎಲ್ಲರೂ ಆಡುವ ಹರಕು ಹಿಂದಿಯಲ್ಲಿ. ಮೈ ಎಷ್ಟು ಬೇಕಾದರೂ ಮಾಡು, ಮುಖ ಮಾತ್ರ ಇಡಬೇಡ ಎಂದು.

ನಾನು ತಲೆಯಾಡಿಸಿ ಬಾಗಿಲು ಹಾಕಿಕೊಂಡೆ. ಮುಖವಾಡವಿಲ್ಲದ ಮೇಲೆ ಅದೆಂಥ ವೇಷ? ಹಳೇ ಬೆಡ್‌ಶೀಟಿಗೆ ಗರಿ ಹೊಲಿದೆ, ನಾರು ಬಿಡಿಸಿ ಜಡೆ ಕಟ್ಟಿದೆ. ಮೊಟ್ಟೆಯ ಟ್ರೇ ನೆನೆಸಿ, ಅರೆದು, ಬಟ್ಟಲ ಮೇಲೆ ಮೆತ್ತಿ ಒಣಗಿಸಿ ಮುಖವಾಡ ಮಾಡಿದೆ. ಮೂರನೆಯ ಸಂಜೆ ಅದನ್ನು ದಾರದಲ್ಲಿ ನಾಲ್ಕು ಕಡೆ ಬಿಗಿದು ಕಟ್ಟಿ, ವೇಷವನ್ನು ಬಾಲ್ಕನಿಯ ತಂತಿಗೆ ನೇತುಹಾಕಿದೆ. ಮನೆಯೆಲ್ಲ ಒಣ ಗರಿಯ ಧೂಳು ವಾಸನೆ.

ಆ ರಾತ್ರಿ ಎಚ್ಚರವಾದಾಗ ಗಂಟೆ ಎರಡು. ಹೊರಗೆ ಮೆಟ್ಟಿಲ ಮೇಲೆ... ಸರ್... ಸರ್... ಯಾರೋ ಒಂದೊಂದೇ ಮೆಟ್ಟಿಲು ಗುಡಿಸಿಕೊಂಡು ಮೇಲಕ್ಕೆ ಬಂದಂತೆ. ರಜಬ್‌ಗೆ ಇಷ್ಟು ಹೊತ್ತಿನಲ್ಲಿ ಇದೇನು ಕೆಲಸ ಅಂದುಕೊಂಡು ಮಗ್ಗುಲಾದೆ.

ಬೆಳಿಗ್ಗೆ ನೋಡಿದರೆ ವೇಷ ತಂತಿಯಲ್ಲೇ ಇತ್ತು. ಗರಿಗಳ ತುದಿ ಮಾತ್ರ ಒದ್ದೆ. ಮೂಸಿದೆ. ಉಪ್ಪು ವಾಸನೆ, ಸಮುದ್ರದ್ದು. ಸಮುದ್ರವಿರುವುದು ಎರಡು ಬೀದಿ ಆಚೆ. ಬಾಲ್ಕನಿಯ ನೆಲ ಒಣಗಿತ್ತು.

ಆಫೀಸಿಗೆ ಇಳಿಯುವಾಗ ಮೊದಲ ಮಹಡಿಯ ಲೂಸಿ ಬಾಯಿ ತಡೆದರು. ಮಂಗಳೂರಿನವರು, ಮಗನ ಮನೆಯಲ್ಲಿರುತ್ತಾರೆ, ರಾತ್ರಿ ನಿದ್ದೆ ಕಡಿಮೆ.

"ರಾತ್ರಿ ಎರಡು ಗಂಟೆಗೆ ಮಗಳನ್ನು ಎಂತಕ್ಕೆ ಹೊರಗೆ ಬಿಡುದು ಮಾರಾಯ್ರೆ? ಆ ಹಿಡಿಸೂಡಿಯ ಹಾಗಿನ ಅಂಗಿ ಹಾಕಿಕೊಂಡು ಮೆಟ್ಟಿಲು ಹತ್ತುತ್ತಾ ಇದ್ದಳು."

ಹಿಡಿಸೂಡಿ ಅಂದರೆ ಅವರ ಕಡೆ ಪೊರಕೆ. ಬಾಗಿಲ ಕಿಂಡಿಯಿಂದ ನೋಡಿದರಂತೆ. ಧೃತಿ ಮಲಗಿದ್ದಳು ಎಂದೆ. ಅವರು ಸ್ವಲ್ಪ ಯೋಚಿಸಿದರು. ಆಮೇಲೆ ದನಿ ತಗ್ಗಿಸಿದರು.

"ಹೌದು... ಮಗು ಅಲ್ಲ ಅದು. ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ಹೋಯಿತು."

ನನ್ನ ತಲೆಗೆ ಬಂದದ್ದು ರಜಬ್. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇದ್ದದ್ದು ಅವನ ಗೊಂಚಲಿನಲ್ಲಿ. ವೇಷದ ವಿಷಯ ಗೊತ್ತಿದ್ದವನೂ ಅವನೇ. ಹೆಂಡತಿ ಮನೆಯಲ್ಲಿಲ್ಲ ಎಂಬುದೂ ಗೊತ್ತು. ಹೆದರಿಸಿ ತನ್ನ ಮಾತು ಗೆಲ್ಲಿಸಿಕೊಳ್ಳಲು ನೋಡುತ್ತಿದ್ದಾನೋ, ಬೇರೆ ಏನಾದರೂ ಉದ್ದೇಶವೋ... ಮನೆಯಲ್ಲಿ ಹೆಣ್ಣು ಮಗು ಇದೆ.

ನೇರವಾಗಿ ಕೇಳಿದೆ. ಅವನು ವಾದ ಮಾಡಲಿಲ್ಲ. ಗೊಂಚಲಿನಿಂದ ಕೀಲಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟ. ಖಲಾಸ್, ಇನ್ನು ಎರಡೂ ನಿನ್ನ ಹತ್ತಿರವೇ ಎಂದ. ನಾನು ಅಷ್ಟಕ್ಕೇ ಬಿಡಲಿಲ್ಲ. ಕಟ್ಟಡದ ಮ್ಯಾನೇಜರಿಗೆ ಫೋನ್ ಮಾಡಿ, ಹಾರಿಸ್ ರಾತ್ರಿ ನಮ್ಮ ಮನೆಯೊಳಗೆ ಬಂದಿದ್ದ ಎಂದು ದೂರು ಕೊಟ್ಟೆ. ಕಣ್ಣಾರೆ ಕಂಡಿರಾ ಎಂದು ಕೇಳಿದರು. ಕಂಡೆ ಎಂದೆ.

ಅದು ಸುಳ್ಳು.

ಅವತ್ತು ರಾತ್ರಿ ವೇಷವನ್ನು ಸ್ಟೋರ್ ರೂಮಿನ ಮೊಳೆಗೆ ನೇತುಹಾಕಿ ಬೀಗ ಹಾಕಿದೆ. ಕೀಲಿ ಪ್ಯಾಂಟಿನ ಜೇಬಿಗೆ. ಧೃತಿ ಮಲಗಿದ ಮೇಲೆ ಮುಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು ದೀಪ ಆರಿಸಿ ಕೂತೆ.

ಎರಡಕ್ಕೆ ಶುರುವಾಯಿತು. ಸರ್... ಸರ್... ಒಂದನೇ ಮಹಡಿ. ಎರಡನೇ ಮಹಡಿ. ನಮ್ಮ ಬಾಗಿಲ ಮುಂದೆ ಬಂದು ನಿಂತಿತು.

ಕಿಂಡಿಗೆ ಕಣ್ಣಿಟ್ಟೆ. ಗಾಜಿನ ತುಂಬ ಕಂದು ಬಣ್ಣ. ಗರಿ. ಉಸಿರಾಡುವ ಎದೆಯ ಹಾಗೆ ಅವು ಮೇಲೆ ಕೆಳಗೆ ಆಡುತ್ತಿದ್ದವು. ಮೆಲ್ಲಗೆ ಅದು ಬಗ್ಗಿತು... ಬಗ್ಗುತ್ತಲೇ ಇತ್ತು. ಕಿಂಡಿಯ ಮಟ್ಟಕ್ಕೆ ತಲೆ ಬಂತು. ಮುಖ ಇರಬೇಕಾದ ಕಡೆ ಬರೀ ನಾರು.

ಆಮೇಲೆ ತಿರುಗಿ ಕೆಳಗಿಳಿಯಿತು.

ಹೆದರಿಕೆಗಿಂತ ಸಿಟ್ಟೇ ದೊಡ್ಡದಾಗಿತ್ತು. ಇವತ್ತು ಇವನನ್ನು ಹಿಡಿದೇ ಬಿಡುತ್ತೇನೆ ಎಂದು ಬಾಗಿಲು ತೆಗೆದು ಓಡಿದೆ. ಎಷ್ಟು ಬೇಗ ಇಳಿದರೂ ಆ ಸದ್ದು ಒಂದು ಮಹಡಿ ಕೆಳಗೇ ಇತ್ತು. ನೆಲಮಹಡಿಗೆ ಬಂದಾಗ ನಿಂತುಹೋಯಿತು.

ರಜಬ್ ತನ್ನ ಕೋಣೆಯ ಹೊರಗೆ ಮೆಟ್ಟಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತಿದ್ದ. ಮೈಮೇಲೆ ಕಂಬಳಿ. ಸುತ್ತಮುತ್ತ ಒಂದು ಗರಿಯೂ ಇಲ್ಲ. ನನ್ನ ಏದುಸಿರು ಕೇಳಿದರೂ ತಿರುಗಲಿಲ್ಲ.

"ದರ್ವಾಜಾ?" ಎಂದು ಮೆಲ್ಲಗೆ ಕೇಳಿದ. "ದರ್ವಾಜಾ ಬಂದ್ ಕಿಯಾ?"

ಬಾಗಿಲು ಹಾಕಿ ಬಂದಿರಲಿಲ್ಲ.

ಮೂರು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ನಾನು ಬಿಟ್ಟಂತೆಯೇ ಹಾರುಹೊಡೆದಿತ್ತು. ಹಾಲ್‌ನಲ್ಲಿ ಉಪ್ಪು ವಾಸನೆ. ಧೃತಿಯ ಕೋಣೆಯ ದೀಪ ಹಾಕಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು, ಉಸಿರಾಡುತ್ತಿದ್ದಳು. ಪಕ್ಕದಲ್ಲಿ, ದಿಂಬಿನ ಮೇಲೆ, ನಾನು ಮಾಡಿದ ಮುಖವಾಡ.

ಮೈ ಮುಟ್ಟಿದೆ. ಅವಳು ಕಣ್ಣು ಬಿಡದೆ ಗೊಣಗಿದಳು. "ನಾಟ್ ನೌ, ಅಪ್ಪಾ. ಐ ಟೋಲ್ಡ್ ಯು, ಟುಮಾರೊ."

"ಯಾರಿಗೆ ಹೇಳ್ದೆ ಪುಟ್ಟಾ?"

"ಯು. ಜಸ್ಟ್ ನೌ. ಯು ವರ್ ಪುಟಿಂಗ್ ಇಟ್ ಆನ್ ಮೀ."

ಸ್ಟೋರ್ ರೂಮಿನ ಬೀಗ ಹಾಕಿದಂತೆಯೇ ಇತ್ತು, ಕೀಲಿ ನನ್ನ ಜೇಬಿನಲ್ಲಿ. ತೆಗೆದು ನೋಡಿದೆ. ಗರಿಯ ಮೈ ಮೊಳೆಯಲ್ಲೇ ನೇತಾಡುತ್ತಿತ್ತು. ಮುಖ ಕಟ್ಟಿದ್ದ ನಾಲ್ಕೂ ಗಂಟು ಬಿಚ್ಚಿತ್ತು. ಕತ್ತರಿಸಿರಲಿಲ್ಲ. ನಿಧಾನವಾಗಿ, ಕೈಯಿಂದ ಬಿಚ್ಚಿದ ಹಾಗಿತ್ತು.

ಬೆಳಕು ಹರಿಯುವ ಮೊದಲೇ ಎಲ್ಲವನ್ನೂ ತುಂಡು ಮಾಡಿ ಬೀದಿಯ ಕಸದ ಡಬ್ಬಕ್ಕೆ ಹಾಕಿದೆ. ಪಾರ್ಟಿಗೆ ಹೋಗಲಿಲ್ಲ. ಧೃತಿ ಎರಡು ದಿನ ಮಾತು ಬಿಟ್ಟಳು. ಮ್ಯಾನೇಜರಿಗೆ ಫೋನ್ ಮಾಡಿ, ತಪ್ಪಾಗಿದೆ, ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಹೊಸ ಹಾರಿಸನನ್ನು ಆಗಲೇ ನೇಮಿಸಿಯಾಗಿದೆ ಎಂದರು. ರಜಬ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಟಾಗ ಧೃತಿಗೆ ಸಲಾಂ ಹೇಳಿದ. ನನ್ನ ಕಡೆ ನೋಡಲಿಲ್ಲ.

ಶೋಭಾಗೆ ಎಲ್ಲ ಹೇಳಿದೆ. ರೋಗಿಯ ಮಾತು ಕೇಳುವ ಹಾಗೆ, ನಡುವೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ ಒಂದೊಂದಾಗಿ ಪ್ರಶ್ನೆ ಕೇಳಿದಳು. ಮನೆಯ ಎರಡೂ ಕೀಲಿ ಯಾರ ಹತ್ತಿರ ಇತ್ತು? ನನ್ನ ಹತ್ತಿರ. ಸ್ಟೋರ್ ರೂಮಿನದು? ಅದೂ ನನ್ನ ಹತ್ತಿರ. ಎರಡನೇ ರಾತ್ರಿ ಅದನ್ನು ಕಂಡವರು ಯಾರು? ನಾನೊಬ್ಬನೇ. ಧೃತಿ ಯಾರು ಬಂದರು ಅಂದಳು?

ಮೂರೂ ಕೀಲಿ ಜೇಬಿನಿಂದ ತೆಗೆದು ಅವಳ ಮುಂದಿಟ್ಟೆ.

ಮುಂದಿನ ವಾರವೇ ಡೇ ಡ್ಯೂಟಿ ಕೇಳಿ ಹಾಕಿಸಿಕೊಂಡಳು. ಅಂದಿನಿಂದ ಮಗಳ ಕೋಣೆಯಲ್ಲಿ ಮಲಗುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಯಾಕೆ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿಲ್ಲ.

ನಿಜ ಹೇಳಬೇಕೆಂದರೆ, ಆ ಚಿಲಕ ಬಿದ್ದ ಸದ್ದು ಕಿವಿಗೆ ಬೀಳುವವರೆಗೂ ನಾನು ಕಣ್ಣು ಮುಚ್ಚುವುದಿಲ್ಲ.